ಕ್ಲಚ್ಚಿಗೆ ಕಟ್ಟಿದ ಗೆಜ್ಜೆ

ಲಾರಿ ರಿಪೇರಿ ಕಲಿಯಲು ಹೊರಟ ಹುಡುಗರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಕ್ಲಚ್ಚು ಜಾರುತ್ತಿದೆ, ಗೇರು ಬೀಳುತ್ತಿಲ್ಲ, ಎಲ್ಲಿಂದ ಬಿಚ್ಚಲಿ ಎಂದು ಕೇಳುತ್ತಾರೆ. ಕೇಳುವಾಗಲೇ ಅವರ ಕೈಯಲ್ಲಿ ಸ್ಪಾನರು ಇರುತ್ತದೆ. ಅವರಿಗೆ ನಾನು ಹೇಳುವುದು ಒಂದೇ ಮಾತು: ಮೊದಲು ಡ್ರೈವರನ ಎಡಗಾಲಿನ ಚಪ್ಪಲಿ ಬಿಚ್ಚಿಸಿ ನೋಡಿ, ಆಮೇಲೆ ಲಾರಿ ಬಿಚ್ಚಿ. ಮುದುಕನಿಗೆ ಅರಳುಮರಳು ಎಂದುಕೊಂಡು ಅವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಎದುರಿಗೆ ಕೂತು ಕೇಳುವ ತಾಳ್ಮೆ ಅವರಿಗಿಲ್ಲ, ಸುಮ್ಮನಿರುವ ಸ್ವಭಾವ ನನಗಿಲ್ಲ. ಆದ್ದರಿಂದ ಬರೆದೇ ಇಡುತ್ತಿದ್ದೇನೆ.

ನಾನು ಹೊಳೆನರಸೀಪುರದ ಅಂಗಡಿಯವರ ಮನೆಯವನು. ನಮ್ಮಪ್ಪ ಬೆಲ್ಲ, ಬೇಳೆ ಮಾರುತ್ತಿದ್ದರು. ಮಗ ತಕ್ಕಡಿ ಹಿಡಿಯುವ ಬದಲು ಹಾಸನಕ್ಕೆ ಹೋಗಿ ಲಾರಿಯ ಹೊಟ್ಟೆಯ ಕೆಳಗೆ ಮಲಗುತ್ತಾನೆ ಎಂಬುದನ್ನು ಅವರಿಗೆ ಕೊನೆಯವರೆಗೂ ಅರಗಿಸಿಕೊಳ್ಳಲು ಆಗಲಿಲ್ಲ. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಗ್ರೀಸು ಇಟ್ಟುಕೊಂಡು ಮನೆಗೆ ಬಂದರೆ ಅವ್ವ ಹಿತ್ತಲಿನಲ್ಲಿ ನೀರು ಹಾಕಿಯೇ ಒಳಗೆ ಬಿಡುತ್ತಿದ್ದಳು. ನಾನು ಯಾವಾಗ ಮೇಸ್ತ್ರಿಯಾದೆ, ಯಾವಾಗ ಸಂಬಳ ಏರಿತು ಎಂಬುದೆಲ್ಲ ಯಾರಿಗೆ ಬೇಕು? ಏರಿದ್ದು ನನಗೇ ಸರಿಯಾಗಿ ನೆನಪಿಲ್ಲ.

ವರ್ಕ್‌ಶಾಪಿನ ಯಜಮಾನರು ರಹೀಂ ಸಾಬರು. ನಾವೆಲ್ಲ ಉಸ್ತಾದರು ಎನ್ನುತ್ತಿದ್ದೆವು. ಗೇರ್ ಬಾಕ್ಸ್ ಬಿಚ್ಚುವ ಮೊದಲು ಲಾರಿಯಲ್ಲಿ ಕೂತು ಒಂದು ಸುತ್ತು ಹೋಗಿಬರುವುದು ಅವರ ಪದ್ಧತಿ. ಕೂತವರು ಕಣ್ಣು ಮುಚ್ಚಿಬಿಡುತ್ತಿದ್ದರು. ನಾನು ಹೊಸದಾಗಿ ಸೇರಿದಾಗ ಪಕ್ಕದಲ್ಲಿ ಕೂತು ಏನೇನೋ ಕೇಳತೊಡಗಿದೆ. ಅವರು ಕಣ್ಣು ತೆರೆಯದೆಯೇ, "ಗಾಡಿ ಬಾಯಿ ಬಿಡ್ತೈತೆ, ನೀ ಮುಚ್ಕೋ" ಅಂದರು. ನನ್ನ ವಿದ್ಯಾಭ್ಯಾಸದ ಮೊದಲ ಪಾಠ ಅದೇ.

ಗಾಡಿ ಬಾಯಿ ಬಿಡುವುದು ನಿಜ. ಕ್ಲಚ್ಚು ಒತ್ತದೆ ನ್ಯೂಟ್ರಲ್ಲಿನಲ್ಲಿ ನಿಂತಾಗ ಗೊರಗುಟ್ಟಿ, ಒತ್ತಿದ ಕೂಡಲೇ ಸುಮ್ಮನಾದರೆ ಗೇರ್ ಬಾಕ್ಸಿನ ಬೇರಿಂಗ್ ಹೋಗಿದೆ. ಒತ್ತಿದಾಗಲೇ ಕಿರುಚಿದರೆ ಕ್ಲಚ್ಚಿನ ಬೇರಿಂಗ್ ಹೋಗಿದೆ. ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ, ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ತಡೆದು, ರಿವರ್ಸಿಗೆ ಹಾಕಿ ನೋಡಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿದೆ ಎಂದರ್ಥ. ಕರಕರ ಹಲ್ಲು ಕಡಿದರೆ ಬಿಡುತ್ತಿಲ್ಲ, ಗೇರ್ ಬಾಕ್ಸನ್ನು ಬೈಯಬೇಡಿ. ಆಗಿನ ಗೇರುಗಳಂತೂ ಈಗಿನವುಗಳಂತೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ಚು ಒತ್ತಬೇಕಿತ್ತು. ಒಂದು ಸಲ ಗೇರು ಬಿಡಿಸಲು, ಇನ್ನೊಂದು ಸಲ ಹಾಕಲು. ಹೀಗೆ ಹಾಸನದಿಂದ ಅರಕಲಗೂಡಿಗೆ ಹೋಗಿ ಇಳಿದ ಡ್ರೈವರು ಕುಂಟುತ್ತ ನಡೆದರೆ ಅವನಿಗೆ ವಾತ ಎಂದು ಯಾರೂ ತಿಳಿಯುತ್ತಿರಲಿಲ್ಲ.

ಕ್ಲಚ್ಚು ಜಾರುತ್ತಿದೆಯೇ ಎಂದು ನೋಡುವುದಕ್ಕೆ ಬೇರೆ ಪರೀಕ್ಷೆ. ಹ್ಯಾಂಡ್ ಬ್ರೇಕು ಎಳೆದು, ಟಾಪ್ ಗೇರಿಗೆ ಹಾಕಿ, ಆಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ಬಿಡಬೇಕು. ಎಂಜಿನ್ನು ಉಸಿರು ಕಟ್ಟಿ ನಿಂತುಹೋದರೆ ಕ್ಲಚ್ಚು ಗಟ್ಟಿಯಾಗಿದೆ. ಏನೂ ಆಗದವರ ಹಾಗೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆಯನ್ನು ನಾನು ಮೊದಲ ಸಲ ಒಬ್ಬನೇ ಮಾಡಿದಾಗ ಎರಡೂ ಆಗಲಿಲ್ಲ. ಲಾರಿ ಮೆಲ್ಲಗೆ ರಸ್ತೆ ದಾಟಿ ಎದುರಿನ ಹೋಟೆಲಿನ ಬೆಂಚಿನ ಮೇಲೆ ಮುಂದಿನ ಚಕ್ರ ಇಟ್ಟು ನಿಂತಿತು. ಬೆಂಚಿನಲ್ಲಿದ್ದವರು ಉದ್ದಿನವಡೆ ಸಮೇತ ಒಳಗೆ ಓಡಿದ್ದರು. ಉಸ್ತಾದರು ಬಂದು ನೋಡಿ, "ಕ್ಲಚ್ಚು ಪಸಂದಾಗೈತೆ. ಹ್ಯಾಂಡ್ ಬ್ರೇಕೇ ಇಲ್ಲ" ಎಂದಷ್ಟೇ ಹೇಳಿ ಹೋದರು. ಅಂದಿನಿಂದ ನಾನು ಚಕ್ರಕ್ಕೆ ಕಲ್ಲು ಕೊಡದೆ ಯಾವ ಪರೀಕ್ಷೆಯನ್ನೂ ಮಾಡಿಲ್ಲ. ನೀವೂ ಮಾಡಬೇಡಿ.

ಹಾಗೆಂದು ಉಸ್ತಾದರು ಎಡವಲೇ ಇಲ್ಲ ಎಂದಲ್ಲ. ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ತರುವ ಒಂದು ಲಾರಿ ಇತ್ತು. ಹೋಗುವಾಗ ಮಾತ್ರ ಅದರ ಗೇರು ತಾನಾಗಿ ಕಳಚಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಬರುವಾಗ ಏನೂ ಇಲ್ಲ. ಉಸ್ತಾದರು ಗೇರ್ ಬಾಕ್ಸ್ ಬಿಚ್ಚಿ ಒಳಗಿನ ಸ್ಪ್ರಿಂಗನ್ನೇ ಬದಲಾಯಿಸಿದರು. ಲಾರಿಯಲ್ಲಿ ಕಣ್ಣು ಮುಚ್ಚಿ ಕೂತು ಚನ್ನರಾಯಪಟ್ಟಣಕ್ಕೆ ಹೋಗಿಬಂದರು. ಗೇರು ಕಳಚುತ್ತಲೇ ಇತ್ತು. ಮುಂದಿನ ಸಲ ನನ್ನನ್ನು ಕಳಿಸಿದರು. ನಾನು ಕಣ್ಣು ಬಿಟ್ಟುಕೊಂಡು ಕೂತಿದ್ದರಿಂದ ಕಾಯಿ ವ್ಯಾಪಾರಿ ತನ್ನ ಸಂಚಿಯನ್ನು ಗೇರ್ ಕಡ್ಡಿಯ ಗುಂಡಿಗೆ ನೇತುಹಾಕುವುದು ಕಾಣಿಸಿತು. ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಅದನ್ನು ಕುಟ್ಟುವ ಕಬ್ಬಿಣದ ಒರಳೂ ಇತ್ತು. ಹಳ್ಳ ಸಿಕ್ಕಾಗಲೆಲ್ಲ ಅದು ತೂಗಿ ಗೇರನ್ನು ಎಳೆದುಹಾಕುತ್ತಿತ್ತು. ಬರುವಾಗ ಆತ ಹಿಂದೆ ಕಾಯಿ ರಾಶಿಯ ಮೇಲೆ ಕಾವಲು ಕೂರುತ್ತಿದ್ದ. ಉಸ್ತಾದರಿಗೆ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಇಷ್ಟೂ ಪೀಠಿಕೆ. ನಾನು ಹೇಳಬೇಕೆಂದಿರುವುದು ಬೋರಯ್ಯನ ಎಡಗಾಲಿನ ವಿಷಯ.

ಮಲ್ಲಿಪಟ್ಟಣದಲ್ಲಿ ಶಿವನಂಜಪ್ಪನವರೆಂಬ ವ್ಯಾಪಾರಿ ಇದ್ದರು. ರಾಮನಾಥಪುರದ ಕಡೆಯ ಹೊಗೆಸೊಪ್ಪನ್ನು ಹಾಸನದ ರೈಲಿಗೆ ಮುಟ್ಟಿಸುವುದು ಅವರ ಕೆಲಸ. ಮನೆಯಲ್ಲಿ ಎತ್ತಿನ ಗಾಡಿಗಳಿದ್ದವು, ಒಂದೇ ಒಂದು ಲಾರಿ ಇತ್ತು. ಎರಡನೇ ಮಹಾಯುದ್ಧ ಶುರುವಾಗಿ ಅವರ ಡ್ರೈವರು ಮಿಲಿಟರಿಗೆ ಸೇರಿದ. ಬೇರೆ ಡ್ರೈವರು ಸಿಗಲಿಲ್ಲ. ಚಿಕ್ಕಂದಿನಿಂದ ಅವರ ಗಾಡಿ ಹೊಡೆದುಕೊಂಡಿದ್ದ ಬೋರಯ್ಯನಿಗೆ ಹೇಗೋ ಲಾರಿ ಕಲಿಸಿ, ಲೈಸೆನ್ಸು ಮಾಡಿಸಿ, ಖಾಕಿ ಅಂಗಿ ಹೊಲಿಸಿ ಕೂರಿಸಿದರು. ಬೋರಯ್ಯ ಚೆನ್ನಾಗಿಯೇ ಓಡಿಸುತ್ತಿದ್ದ. ಆದರೆ ಕ್ಲಚ್ ಪ್ಲೇಟು ಮಾತ್ರ ಮೇಲಿಂದ ಮೇಲೆ ಸುಟ್ಟುಹೋಗುತ್ತಿತ್ತು.

ಯುದ್ಧಕಾಲದಲ್ಲಿ ಕ್ಲಚ್ ಪ್ಲೇಟು ಸಿಗುವುದೆಂದರೆ ದೇವರು ಸಿಕ್ಕ ಹಾಗೆ. ಹಳೆಯ ಲಾರಿಗಳ ಪ್ಲೇಟಿನ ಮೇಲಿನ ಹೊದಿಕೆ, ಲೈನಿಂಗ್, ಕಿತ್ತು, ಉಜ್ಜಿ, ರಿವಿಟ್ ಹೊಡೆದು ನಾವು ಹೇಗೋ ಸಾಗಿಸುತ್ತಿದ್ದೆವು. ಮತ್ತೆ ಸುಟ್ಟುಕೊಂಡು ಬಂದಾಗ ಶಿವನಂಜಪ್ಪನವರು ನಮ್ಮೆದುರೇ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದ್ ಸಲ ಸುಟ್ಟು ನೋಡ್ಲಾ ಬೋರ. ನೊಗದ ಹಿಂದಕ್ಕೇ ವಾಪಸ್ ಓಯ್ತೀಯ."

ಬೋರಯ್ಯನ ಮುಖ ಬಿಳುಚಿತು. ಯಾಕೆಂದು ಆಮೇಲೆ ನನ್ನೊಬ್ಬನಿಗೇ ಹೇಳಿದ. ಹಳ್ಳಿಮೈಸೂರಿನ ತಿಮ್ಮೇಗೌಡರ ಮಗಳನ್ನು ಅವನಿಗೆ ಕೊಡುವುದೆಂದು ಮಾತಾಗಿತ್ತು. ಅವನು ಗಾಡಿ ಹೊಡೆಯುತ್ತಿದ್ದಾಗ ಇದೇ ತಿಮ್ಮೇಗೌಡರು ಹೆಣ್ಣು ಕೊಡುವುದಿಲ್ಲವೆಂದು ಕಳಿಸಿದ್ದರು. ಸ್ಟೇರಿಂಗು ಹಿಡಿದ ಮೇಲೆ ತಾವಾಗಿಯೇ ಹೇಳಿಕಳಿಸಿದ್ದರು.

"ಅವ್ರು ಎಣ್ಣು ಕೊಡ್ತಿರೋದು ನಂಗಲ್ಲ ಮೇಸ್ತ್ರಿ, ಲಾರಿಗೆ. ಲಾರಿ ಓದ್ರೆ ಮದ್ವೇನೂ ಓದಂಗೆ," ಅಂದ.

ಅವನ ಹುಡುಗಿಯ ಹೆಸರು ಕೆಂಪಮ್ಮ. ಆ ಹೆಸರು ಹೇಳುವಾಗ ಅವನ ದನಿ ಕ್ಲಚ್ಚಿನ ಹಾಗೇ ಜಾರುತ್ತಿತ್ತು. ನನಗೆ ಅಯ್ಯೋ ಅನ್ನಿಸಿತು.

ಅವನ ಚಪ್ಪಲಿಗಳನ್ನು ಬಿಚ್ಚಿಸಿ ನೋಡಿದೆ. ಬಲಗಾಲಿನದು ಹೊಸದರ ಹಾಗಿತ್ತು. ಎಡಗಾಲಿನದು ಹೆಬ್ಬೆರಳಿನ ಕೆಳಗೆ ತೂತು ಬಿದ್ದಿತ್ತು. ಬೋರಯ್ಯ ಎಡಗಾಲನ್ನು ಕ್ಲಚ್ಚಿನಿಂದ ತೆಗೆಯುತ್ತಲೇ ಇರಲಿಲ್ಲ! ಹೀಗೆ ಕಾಲಿಟ್ಟುಕೊಂಡೇ ಓಡಿಸಿದರೆ ಕ್ಲಚ್ಚು ಅರ್ಧ ಹಿಡಿದು ಅರ್ಧ ಜಾರುತ್ತದೆ, ಬಿಸಿಯಾಗುತ್ತದೆ, ಪ್ಲೇಟು ಸುಡುತ್ತದೆ. ಯಾಕೆ ಹೀಗೆ ಎಂದರೆ ಅವನಿಗೂ ಗೊತ್ತಿಲ್ಲ. ಅವನ ಜೊತೆ ಅರಕಲಗೂಡಿಗೆ ಒಂದು ಸಲ ಹೋಗಿಬಂದಾಗ ನನಗೆ ತಿಳಿಯಿತು. ಎತ್ತಿನ ಗಾಡಿ ಹೊಡೆಯುವವನು ಮುಂದಿನ ಮೂಕಿಮರದ ಮೇಲೆ ಕೂತು ಕಾಲಿನ ಹೆಬ್ಬೆರಳನ್ನು ಎತ್ತಿನ ಬಾಲದ ಬುಡಕ್ಕೆ ಒತ್ತಿ ಇಟ್ಟುಕೊಂಡಿರುತ್ತಾನೆ. ಎತ್ತು ಮಂಕಾದರೆ ಸ್ವಲ್ಪ ತಿವಿಯುತ್ತಾನೆ. ಏರು ಬಂದಾಗ ಬೋರಯ್ಯನೂ ಲಾರಿಯನ್ನು ಹಾಗೇ ತಿವಿಯುತ್ತಿದ್ದ.

"ಕಾಲು ನನ್ ಮಾತ್ ಕೇಳಾಕಿಲ್ಲ ಮೇಸ್ತ್ರಿ. ಅದು ಎತ್ತಿನ್ ಬಾಲಕ್ಕೆ ಒಂದ್ಕೊಂಡ್ಬುಟ್ಟದೆ," ಅಂದ.

ಬೈದು ನೋಡಿದೆ, ಚಪ್ಪಲಿ ಬಿಚ್ಚಿಸಿ ಪೆಡಲ್ಲಿನ ಮೇಲೆ ನೆಗ್ಗಿಲು ಮುಳ್ಳು ಇಟ್ಟು ನೋಡಿದೆ. ಮುಳ್ಳು ಅವನ ಅಂಗಾಲಿಗೆ ನಾಟಲೇ ಇಲ್ಲ, ಅಷ್ಟು ಗಟ್ಟಿ ಕಾಲು. ಕೊನೆಗೆ ಗಾಡಿಯವರ ಇನ್ನೊಂದು ಅಭ್ಯಾಸ ನೆನಪಾಯಿತು. ಗಾಡಿಯವನು ದಾರಿಯಲ್ಲಿ ತೂಕಡಿಸುತ್ತಾನೆ. ಗೆಜ್ಜೆಯ ಸದ್ದಿಗೆ ಅವನಿಗೆ ಎಚ್ಚರವಾಗುವುದಿಲ್ಲ. ಗೆಜ್ಜೆ ನಿಂತರೆ ಎಚ್ಚರವಾಗುತ್ತದೆ. ಕ್ಲಚ್ ಪೆಡಲ್ಲಿನ ಮೇಲೆ ಕಾಲಿಲ್ಲದಿದ್ದಾಗ ಅದು ಎಂಜಿನ್ನಿನ ನಡುಕಕ್ಕೆ ಅದುರುತ್ತಲೇ ಇರುತ್ತದೆ. ಕಾಲಿಟ್ಟರೆ ಅದುರುವುದು ನಿಲ್ಲುತ್ತದೆ. ಪೆಡಲ್ಲಿನ ಕೆಳಗೆ ಎತ್ತಿನ ಕೊರಳಿನ ಒಂದು ಗೆಜ್ಜೆಯನ್ನು ತೊಗಲಿನ ದಾರದಲ್ಲಿ ಕಟ್ಟಿದೆ. ಕಾಲು ದೂರವಿದ್ದಷ್ಟು ಹೊತ್ತು ಘಲ್‌ಘಲ್. ಕಾಲಿಟ್ಟ ಕೂಡಲೇ ಮೌನ. ಮೌನವಾದ ಕೂಡಲೇ ಬೋರಯ್ಯ ಬೆಚ್ಚಿ ಕಾಲು ತೆಗೆಯುತ್ತಿದ್ದ, ಎತ್ತು ನಿಂತಿತೆಂದು. ಉಸ್ತಾದರು ಇದನ್ನು ನೋಡಿ, ಸಂಕ್ರಾಂತಿಗೆ ಲಾರಿಯ ಕೊಂಬಿಗೆ ಬಣ್ಣವನ್ನೂ ನೀನೇ ಬಳಿ ಎಂದು ನನ್ನನ್ನು ಗೇಲಿ ಮಾಡಿದರು. ಮಾಡಲಿ. ಆಮೇಲೆ ಆ ಲಾರಿ ಕ್ಲಚ್ಚಿಗಾಗಿ ನಮ್ಮ ಬಾಗಿಲಿಗೆ ಬರಲಿಲ್ಲ.

ಮದುವೆ ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಯಿತು. ನನಗೂ ಕರೆ ಬಂತು. ಮದುಮಗ ತಾನೇ ಲಾರಿ ಓಡಿಸಿಕೊಂಡು ದಿಬ್ಬಣ ತರುತ್ತಾನೆ ಎಂದು ತಿಮ್ಮೇಗೌಡರು ಊರಿಗೆಲ್ಲ ಸಾರಿಬಿಟ್ಟಿದ್ದರು. ಪೆಟ್ರೋಲಿಗೆ ಕೂಪನ್ನಿನ ಕಾಲ. ಇದ್ದ ಪೆಟ್ರೋಲನ್ನು ಮದುವೆಗೆಂದು ಉಳಿಸಲು ದೀಪಾವಳಿಯಿಂದ ಲಾರಿಯನ್ನು ಕದಲಿಸಿರಲಿಲ್ಲ. ಆ ದಿನ ಬೆಳಿಗ್ಗೆ ಮಲ್ಲಿಪಟ್ಟಣದಲ್ಲಿ ಹಿಂದೆಲ್ಲ ಜನ, ಪಾತ್ರೆ, ವಾಲಗದವರು ತುಂಬಿಕೊಂಡರು. ಮುಂದೆ ಜರಿ ಪೇಟದ ಬೋರಯ್ಯ, ಪಕ್ಕದಲ್ಲಿ ಶಿವನಂಜಪ್ಪನವರು, ಅವರ ತಾಯಿ ಪಾರ್ವತಮ್ಮನವರು. ಬೋರಯ್ಯ ಅವರ ಮನೆಯಲ್ಲೇ ಬೆಳೆದವನಾದ್ದರಿಂದ ಅಜ್ಜಿ ಹೊರಟೇ ತೀರುವೆನೆಂದು ಹೊರಟಿದ್ದರು. ನಾನು ಬಾಗಿಲಿಗೆ ಒತ್ತಿಕೊಂಡು ಕೂತಿದ್ದೆ.

ಹೊಳೆನರಸೀಪುರ ದಾಟುವವರೆಗೂ ಲಾರಿ ಹೂವಿನ ಹಾಗೆ ಹೋಯಿತು. ಹಳ್ಳಿಮೈಸೂರಿಗೆ ಮೊದಲು ಒಂದು ಏರು ಸಿಗುತ್ತದೆ. ಅದರ ನಡುವೆ ಎಂಜಿನ್ನು ಅರಚತೊಡಗಿತು, ಲಾರಿ ನಿಂತಿತು. ಬೋರಯ್ಯ ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಹೆಚ್ಚಿತೇ ಹೊರತು ಚಕ್ರ ತಿರುಗಲಿಲ್ಲ. ಕಾಲಡಿಯಿಂದ ಹೊಗೆ ಬಂತು. ಹಿಂದಿನ ಜನ ಕೆಳಗೆ ಧುಮುಕಿದರು. ನಾನೂ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಶಿವನಂಜಪ್ಪನವರು ಕೆಂಡವಾದರು. "ಮದ್ವೆ ದಿನಾನೂ ನಿನ್ ಕಾಲು ಸುಮ್ನಿರಾಕಿಲ್ವಾ? ಆಯ್ತು ಬುಡು, ನಾಳೆಯಿಂದ ಎತ್ತಿನ್ ಗಾಡಿ ಒಡ್ಕೊಂಡಿರು."

ಅದೇ ಹೊತ್ತಿಗೆ ಹುಲ್ಲಿನ ಗಾಡಿಯವನೊಬ್ಬ ಪಕ್ಕದಲ್ಲಿ ನಿಂತ. ಪಾಪ, ಒಳ್ಳೆಯ ಮನುಷ್ಯ. ತನ್ನ ಎತ್ತುಗಳನ್ನು ಬಿಚ್ಚಿ ಲಾರಿಗೆ ಕಟ್ಟಿ ಊರಿನ ತನಕ ಎಳೆಸಿಕೊಡುತ್ತೇನೆ ಎಂದ. ಬೋರಯ್ಯ ಸ್ಟೇರಿಂಗಿಗೆ ಹಣೆ ಕೊಟ್ಟು ಕೂತುಬಿಟ್ಟ. ಊರ ಬಾಗಿಲಲ್ಲಿ ತಿಮ್ಮೇಗೌಡರು ಕಾದು ನಿಂತಿರುತ್ತಾರೆ. ಡ್ರೈವರ್ ಅಳಿಯ ಎತ್ತಿನ ಹಿಂದೆ ಬರುವುದನ್ನು ಅವರು ನೋಡಿದರೆ ಮುಂದಿನದು ಹೇಳಬೇಕಾಗಿರಲಿಲ್ಲ.

ಆಗ ನನ್ನ ಕಿವಿಗೆ ಬಿತ್ತು. ಎಂಜಿನ್ನು ಇನ್ನೂ ಓಡುತ್ತಿತ್ತು, ಗೇರು ಹಾಕಿಯೇ ಇತ್ತು, ಗೆಜ್ಜೆ ಘಲ್‌ಘಲ್ ಎನ್ನುತ್ತಿತ್ತು.

"ಯಜಮಾನ್ರೇ, ಗೆಜ್ಜೆ ಕೇಳಿ. ಅವನ ಕಾಲು ಕ್ಲಚ್ಚಿನ ಮೇಲಿಲ್ಲ. ಇದು ಬೋರಯ್ಯನ ತಪ್ಪಲ್ಲ," ಅಂದೆ.

ಮತ್ಯಾರದು? ಹೊಗೆಯನ್ನು ಮೂಸಿ ನೋಡಿದೆ. ಲೈನಿಂಗ್ ಸುಟ್ಟರೆ ಕೂದಲು ಸುಟ್ಟ ಕಮಟು ಬರಬೇಕು. ಇದು ಅವ್ವ ನನ್ನ ಮೂಗು ಹಿಡಿದು ಗಂಟಲಿಗೆ ಹೊಯ್ಯುತ್ತಿದ್ದ ಹರಳೆಣ್ಣೆಯ ವಾಸನೆ. ಕಾಲಡಿಯ ಹಲಗೆ ತೆಗೆಸಿ ಕ್ಲಚ್ಚಿನ ಗೂಡಿನ ಸಣ್ಣ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಎಣ್ಣೆ. ತಣ್ಣಗಿದ್ದಷ್ಟು ಹೊತ್ತು ತಳದಲ್ಲಿ ಮಂದವಾಗಿ ಕೂತಿತ್ತು, ದಾರಿ ಸಾಗಿದಂತೆ ಕಾದು ತೆಳುವಾಗಿ ಪ್ಲೇಟಿಗೆ ಎರಚಿತ್ತು. ಯಾರು ಇಲ್ಲಿಗೆ ಎಣ್ಣೆ ಹೊಯ್ದದ್ದು ಎಂದು ಕೇಳಿದೆ. ಶಿವನಂಜಪ್ಪನವರು ದೂರದ ಹೊಲವನ್ನು ನೋಡತೊಡಗಿದರು.

ಅಜ್ಜಿ ಮಾತ್ರ ಅಳುಕಲಿಲ್ಲ. "ನಾನೇ ಕಣಪ್ಪ ಆಕ್ಸಿದ್ದು. ದೀಪಾವಳಿಲಿ ಮಕ್ಳಿಗೆಲ್ಲ ಎಣ್ಣೆ ಅಚ್ದೆ. ಮನೆಗೆ ಅನ್ನ ಆಕೋ ಬಸವ ಇದು, ಇದುಕ್ಕೆ ಬ್ಯಾಡ್ವಾ? ನೋವಿರೋದು ಕ್ಲಚ್ನಾಗೆ ಅಂತ ಮನೆಯೋರೆಲ್ಲ ಏಳ್ತಿದ್ರು. ನೋವಿರೋ ಜಾಗುಕ್ಕೆ ಅಚ್ದೆ ಇನ್ನೆಲ್ಲಿಗೆ ಅಚ್ತಾರೆ? ಮುಚ್ಳ ತೆಗ್ದು ತೋರ್ಸ್ದೋನು ಇವ್ನೇ."

ಇವನು ಎಂದರೆ ಶಿವನಂಜಪ್ಪನವರು. ಆ ಮುಚ್ಚಳ ಎಲ್ಲಿದೆ ಎಂದು ವರ್ಕ್‌ಶಾಪಿನಲ್ಲಿ ಅವರಿಗೆ ತೋರಿಸಿದ್ದು ನಾನೇ. ಆದ್ದರಿಂದ ನಾನೂ ಒಂದು ಗಳಿಗೆ ಹೊಲ ನೋಡಿದೆ.

ಅಜ್ಜಿಯ ಮಾತು ಮುಗಿದಿರಲಿಲ್ಲ. "ಎಣ್ಣೆ ಅಚ್ಚಿದ್ಮೇಲೆ ಸೀಗೆಪುಡಿ ಆಕಿ ನೀರುಯ್ಬೇಕು ಅಂದೆ. ನೀರು ಬಿದ್ರೆ ಎಂಜಿನ್ ಕೆಡ್ತದೆ ಅಂತ ತಡ್ದ. ಬರೀ ಎಣ್ಣೆ ಅಚ್ಚಿ ಬುಟ್ರೆ ಮನುಸ್ರೇ ಜಾರ್ತಾರೆ. ಬಸವ ಜಾರಾಕಿಲ್ವಾ?"

ಜಾರದೆ ಏನು? ಹೀಗೆ ಎಣ್ಣೆ ಹತ್ತಿದ ಪ್ಲೇಟನ್ನು ವರ್ಕ್‌ಶಾಪಿನಲ್ಲಾದರೆ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದೆವು. ಇಲ್ಲಿ ತೊಳೆದರೆ ವಾಪಸು ಹೋಗಲು ಪೆಟ್ರೋಲಿರುವುದಿಲ್ಲ. ಪೆಟ್ರೋಲಿಲ್ಲದ ಕಡೆ ಎಣ್ಣೆ ಹೀರುವ ಒಣ ಪುಡಿ ಯಾವುದನ್ನಾದರೂ ಎರಚುವುದೂ ಉಂಟು. ಅಜ್ಜಿ ಸೀಗೆಪುಡಿ ಎಂದದ್ದು ತಲೆಯಲ್ಲಿ ಸುತ್ತುತ್ತಿತ್ತು. ಮದುಮಗನ ಎಣ್ಣೆನೀರಿಗೆ ಸೀಗೆಪುಡಿ ತಂದಿದ್ದೀರಾ ಎಂದು ಹೆಂಗಸರನ್ನು ಕೇಳಿದೆ. ತಂದಿದ್ದರು, ಒಂದು ದೊಡ್ಡ ಗಂಟನ್ನೇ ತಂದಿದ್ದರು.

"ಈಗ ನೀರು ಬೇಡ ಅಜ್ಜಿ, ಪುಡಿ ಮಾತ್ರ," ಅಂದೆ.

ಬೋರಯ್ಯ ಎಂಜಿನ್ನು ಓಡಿಸುತ್ತ ಕ್ಲಚ್ಚು ಒತ್ತಿ ಒತ್ತಿ ಬಿಟ್ಟ. ನಾನು ಮುಚ್ಚಳದ ಕಂಡಿಯಿಂದ ಹಿಡಿ ಹಿಡಿ ಸೀಗೆಪುಡಿ ಎರಚಿದೆ. ಒಳಗೆ ಗಿರ್ರನೆ ತಿರುಗುವ ಫ್ಲೈವೀಲು ಅರ್ಧ ಪುಡಿಯನ್ನು ಇಟ್ಟುಕೊಂಡು ಇನ್ನರ್ಧವನ್ನು ನಮ್ಮ ಮುಖಕ್ಕೇ ವಾಪಸು ಕೊಟ್ಟಿತು. ಕಣ್ಣಿಗೆ ಸೀಗೆಪುಡಿ ಬಿದ್ದವರಿಗೆ ಅದರ ಸುಖ ಗೊತ್ತು. ಇಣುಕಿದವರೆಲ್ಲ ಸೀನಿದರು, ಕಣ್ಣುಜ್ಜಿಕೊಂಡರು. ಉಜ್ಜಿದಷ್ಟೂ ಉರಿ ಹೆಚ್ಚಿತು. ವಾಲಗದವನಿಗೆ ಊದಲು ಉಸಿರೇ ನಿಲ್ಲದಾಯಿತು. ಗಂಟು ಮುಗಿಯಿತು. ನಾನು ಬೋರಯ್ಯನಿಗೆ ಫಸ್ಟ್ ಗೇರು ಹಾಕು ಎಂದೆ.

ಅವನು ಗೇರು ಹಾಕಿ, ಕಾಲನ್ನು ಮೆಲ್ಲಗೆ ಮೇಲೆತ್ತಿದ. ಎಂಜಿನ್ನಿನ ಅರಚಾಟ ತಗ್ಗಿತು. ಲಾರಿಯ ಮೂತಿ ಕೊಂಚ ಎದ್ದಿತು. ಕಾಲು ಪೂರ್ತಿ ಬಿಟ್ಟ. ಗೆಜ್ಜೆ ಉಲಿಯಿತು, ಲಾರಿ ಏರು ಹತ್ತಿತು. ನನ್ನ ವೃತ್ತಿಯಲ್ಲಿ ಎಷ್ಟೋ ಗಾಡಿ ಎಬ್ಬಿಸಿದ್ದೇನೆ, ಅಂದಿನಷ್ಟು ಸಂತೋಷ ಯಾವಾಗಲೂ ಆಗಿಲ್ಲ. ಆಮೇಲೆ ಹಾಸನದಲ್ಲಿ ಅದನ್ನು ಬಿಚ್ಚಿ ತೊಳೆದಾಗ ಉಸ್ತಾದರು ಒಳಗಿನಿಂದ ಅಂಟು ಅಂಟಾದ ಸೀಗೆಹಿಟ್ಟು ಕೆರೆದು ತೆಗೆದು, ಇದರಲ್ಲಿ ಇನ್ನೊಬ್ಬ ಮದುಮಗನಿಗೂ ಎಣ್ಣೆನೀರಾಗುತ್ತದೆ ಎಂದರು.

ಏರು ಮುಗಿದ ಮೇಲೆ ಊರಿನ ತನಕ ಇಳಿಜಾರು. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿಬಿಡುವುದು ಆಗ ಎಲ್ಲ ಡ್ರೈವರುಗಳ ಪದ್ಧತಿ. ಬೋರಯ್ಯನೂ ನಿಲ್ಲಿಸಿದ. ಲಾರಿ ಸದ್ದಿಲ್ಲದೆ ಉರುಳಿತು. ಹಳ್ಳಕೊಳ್ಳಗಳಿಗೆ ಗೆಜ್ಜೆ ಮಾತ್ರ ಘಲ್‌ಘಲ್ ಎನ್ನುತ್ತಿತ್ತು.

ಊರ ಬಾಗಿಲಲ್ಲಿ ಮರದ ಮರೆಗೆ ನಿಂತಿದ್ದ ತಿಮ್ಮೇಗೌಡರಿಗೆ ಮೊದಲು ಕೇಳಿಸಿದ್ದು ಆ ಗೆಜ್ಜೆ. ಲಾರಿ ಕಾಣುವ ಮೊದಲೇ ಅವರ ಮುಖ ಸತ್ತಿತ್ತು ಎಂದು ಪಕ್ಕದಲ್ಲಿದ್ದವರು ಹೇಳಿದರು. ತಿರುವಿನಲ್ಲಿ ಲಾರಿ ಕಂಡಿತು, ಜೀವ ಬಂತು. ಅದರಲ್ಲಿ ಅಷ್ಟೂ ಜನ ಕೆಂಗಣ್ಣು ಮಾಡಿಕೊಂಡು ಕಣ್ಣೀರು ಸುರಿಸುತ್ತಿರುವುದು ಕಂಡಿತು, ಮತ್ತೆ ಹೋಯಿತು.

"ಯಾರ್ ಓಗ್ಬುಟ್ರಪ್ಪಾ?" ಎಂದು ಕೇಳಿದರು.

"ಯಾರೂ ಓಗಿಲ್ಲ ಮಾವ. ದಾರೀಲಿ ಲಾರಿಗೆ ಎಣ್ಣೆನೀರಾಯ್ತು, ಅಷ್ಟೇಯ," ಎಂದ ಬೋರಯ್ಯ ಸೀನುತ್ತ.

ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದು ಅಜ್ಜಿ. ಎತ್ತಿನ ಬಾಲದ ಹೆಬ್ಬೆರಳಿನಿಂದ ಹಿಡಿದು ಗೆಜ್ಜೆಯ ತನಕ, ಏನನ್ನೂ ಬಿಡಲಿಲ್ಲ. ನಾನೂ ಬೋರಯ್ಯನೂ ಕಣ್ಣಿನಲ್ಲೇ ಅವರನ್ನು ಸುಮ್ಮನಿರಿಸಲು ನೋಡಿದೆವು. ಆ ದಿನ ಯಾರ ಕಣ್ಣೂ ಸರಿಯಾಗಿ ತೆರೆಯುತ್ತಿರಲಿಲ್ಲ. ತಿಮ್ಮೇಗೌಡರು ಬಾಗಿ ಪೆಡಲ್ಲಿನ ಕೆಳಗೆ ಕೈಹಾಕಿ ಗೆಜ್ಜೆ ಮುಟ್ಟಿ ನೋಡಿದರು. ತಿರುಗಿ ಮನೆಯ ಕಡೆ ಹೋದರು. ಬೋರಯ್ಯ ನನ್ನ ಕೈ ಹಿಡಿದುಕೊಂಡ.

ವಾಪಸು ಬಂದಾಗ ಅವರ ಅಂಗೈಯಲ್ಲಿ ತಿಕ್ಕಿ ಸವೆದ ಒಂದು ಹಿತ್ತಾಳೆ ಗೆಜ್ಜೆ ಇತ್ತು.

"ನಾನೂ ಗಾಡಿ ಒಡ್ದೋನೇ ಕಣಪ್ಪ. ಇದು ನಮ್ ಬೆಳ್ಳೆತ್ತಿಂದು, ಓದೊರ್ಸ ತೀರ್ಕೊಂತು. ಒಂಟಿ ಗೆಜ್ಜೆ ಕೇಳಾಕೆ ಸಂಕ್ಟ ಆಯ್ತದೆ. ಇದ್ನೂ ಕಟ್ಕೊ," ಎಂದರು.

ಬ್ರೇಕಿನ ಪೆಡಲ್ಲಿಗೆ ನಾನೇ ಕಟ್ಟಿದೆ. ಬೋರಯ್ಯ ಪೇಟದ ಸೆರಗಿನಿಂದ ಕಣ್ಣೊರೆಸಿಕೊಂಡು, "ಸೀಗೆಪುಡಿ ಮೇಸ್ತ್ರಿ," ಅಂದ. ನಾನೂ ಹೌದು ಅಂದೆ. ನನ್ನ ಕಣ್ಣಿಗೂ ಬಿದ್ದಿತ್ತು.